ಗೊತ್ತಿಲ್ಲದ ಸಾಲಕ್ಕೆ ವಸೂಲಿ ಪತ್ರ ಬಂದರೆ ಉತ್ತರಿಸುವ ಬಗೆ

ಬೆಂಗಳೂರು, ಚೆನ್ನೈ ಅಥವಾ ಮುಂಬೈಯ ವಿಳಾಸ ಹೊತ್ತ ಲಕೋಟೆಯೊಂದು ಶಿರಸಿಯ ತೋಟದ ಮನೆಗೋ ಅಂಕೋಲೆಯ ಪೇಟೆ ಮನೆಗೋ ಬರುತ್ತದೆ. ಅದರಲ್ಲಿ ಹೆಸರು ಸರಿಯಿದೆ, ಊರೂ ಸರಿಯಿದೆ. ಆದರೆ ಇಷ್ಟು ಸಾವಿರ ರೂಪಾಯಿ ಬಾಕಿಯಿದೆ, ಏಳು ದಿನಗಳೊಳಗೆ ಕಟ್ಟದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದು ಎಂದು ಬರೆದಿರುವ ಆ ಸಾಲ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಂಥ ಸಂದರ್ಭದಲ್ಲಿ ಕೆಲವರು ಮರ್ಯಾದೆಗೆ ಅಂಜಿ ಒಂದಿಷ್ಟು ಹಣ ಕಟ್ಟಿಬಿಡುತ್ತಾರೆ. ಕೆಲವರು ಪತ್ರದಲ್ಲಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಜಗಳವಾಡುತ್ತಾರೆ. ಉಳಿದವರು ನಮ್ಮದಲ್ಲದ ಸಾಲಕ್ಕೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಪತ್ರವನ್ನು ಕಪಾಟಿನ ಮೇಲೆ ಎಸೆಯುತ್ತಾರೆ. ಈ ಮೂರೂ ತಪ್ಪು ದಾರಿಗಳೇ, ಅವುಗಳಲ್ಲಿ ಮೊದಲನೆಯದು ಹೆಚ್ಚು ಹಾನಿಕರ. ಸಾಲವನ್ನು ಒಪ್ಪಿಕೊಳ್ಳದೆ, ಹಣ ಕಟ್ಟದೆ, ಸುಮ್ಮನೂ ಇರದೆ, ದಾಖಲೆ ಕೇಳಿ ಲಿಖಿತ ಉತ್ತರ ಕಳುಹಿಸುವುದೇ ಸರಿಯಾದ ಕ್ರಮ. ಅದಕ್ಕೆ ಮುನ್ನ ಮಾಡಬೇಕಾದ ಪರಿಶೀಲನೆ ಮತ್ತು ಆಮೇಲೆ ಇಡಬೇಕಾದ ಹೆಜ್ಜೆಗಳನ್ನು ಇಲ್ಲಿ ವಿವರಿಸಲಾಗಿದೆ.

ಪತ್ರವನ್ನು ಪಡೆದುಕೊಳ್ಳಿ, ಲಕೋಟೆಯನ್ನೂ ಇಟ್ಟುಕೊಳ್ಳಿ

ಅಂಚೆಯವರು ಸಹಿ ಕೇಳಿದಾಗ ‘ನಮ್ಮದಲ್ಲ, ವಾಪಸ್ ಕಳಿಸಿ’ ಎಂದು ಹೇಳುವುದರಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ಪತ್ರವನ್ನು ವಿಳಾಸದಾರರು ನಿರಾಕರಿಸಿದರೆ ಅದು ತಲುಪಿದಂತೆಯೇ ಎಂದು ನ್ಯಾಯಾಲಯಗಳು ಭಾವಿಸುತ್ತವೆ. ಅಂದರೆ ಪತ್ರ ತಲುಪಿದ ಹೊಣೆ ನಿಮ್ಮ ಮೇಲಿರುತ್ತದೆ, ಒಳಗೆ ಏನಿದೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ಆದ್ದರಿಂದ ಪತ್ರವನ್ನು ಪಡೆದು, ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದು, ಅಂಚೆ ಮುದ್ರೆ ಕಾಣುವಂತೆ ಎರಡೂ ಬದಿಯ ಫೋಟೊ ತೆಗೆದಿಡಬೇಕು. ಮುಂದೆ ಬರುವ ಎಲ್ಲ ಗಡುವುಗಳ ಲೆಕ್ಕ ಆ ದಿನಾಂಕದಿಂದಲೇ ಆರಂಭವಾಗುತ್ತದೆ. ಗೋವಾದಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ಮಕ್ಕಳ ಹೆಸರಿಗೆ ಊರಿನ ವಿಳಾಸಕ್ಕೆ ಪತ್ರ ಬಂದಿದ್ದರೆ ಹಬ್ಬಕ್ಕೆ ಬಂದಾಗ ಕೊಟ್ಟರಾಯಿತು ಎಂದು ಕಾಯದೆ ಅದೇ ದಿನ ಅವರಿಗೆ ಫೋಟೊ ಕಳುಹಿಸಬೇಕು.

ಇದು ಯಾವ ಜಾತಿಯ ಕಾಗದ?

ವಸೂಲಿಯ ಹೆಸರಿನಲ್ಲಿ ಬರುವ ಕಾಗದಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು.

ಸಾಲ ಕೊಟ್ಟ ಸಂಸ್ಥೆ ಅಥವಾ ಅದರ ವಸೂಲಿ ಏಜೆನ್ಸಿ ಕಳುಹಿಸಿದ ಬೇಡಿಕೆ ಪತ್ರ ಮತ್ತು ವಕೀಲರ ನೋಟಿಸು ಸಾಮಾನ್ಯ ಬಗೆಯವು. ಅವುಗಳಲ್ಲಿ ಬರೆದ ‘ಏಳು ದಿನ’ ಎಂಬುದು ಕಳುಹಿಸಿದವರು ತಾವೇ ಇಟ್ಟುಕೊಂಡ ಗಡುವೇ ಹೊರತು ಕಾನೂನು ವಿಧಿಸಿದ್ದಲ್ಲ. ಆದರೂ ವಕೀಲರ ನೋಟಿಸಿಗೆ ಉತ್ತರಿಸದೆ ಬಿಟ್ಟರೆ ಮುಂದೆ ದಾವೆ ಹೂಡಿದಾಗ ಆ ಮೌನವನ್ನೇ ಎತ್ತಿ ತೋರಿಸುತ್ತಾರೆ.

ನೋಟಿಸಿನಲ್ಲಿ ಚೆಕ್ ಸಂಖ್ಯೆ ಮತ್ತು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕಾಣಿಸಿದರೆ ವಿಷಯ ಬೇರೆಯೇ ಆಗುತ್ತದೆ. ಅದು ಚೆಕ್ ಬೌನ್ಸ್ ನೋಟಿಸು. ಅಲ್ಲಿ ನೋಟಿಸು ಕೈಸೇರಿದ ದಿನದಿಂದ 15 ದಿನಗಳ ಗಡುವನ್ನು ಕಾನೂನೇ ಕೊಟ್ಟಿದೆ, ಆನಂತರ ಕ್ರಿಮಿನಲ್ ದೂರು ದಾಖಲಾಗಬಹುದು. ಯಾವತ್ತೋ ಯಾರಿಗೋ ಭದ್ರತೆಗೆಂದು ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕು ಹೀಗೆ ಮರಳಿ ಬರುವುದುಂಟು. ಅಂಥ ನೋಟಿಸನ್ನು ಅಂದೇ ವಕೀಲರ ಬಳಿ ಒಯ್ಯಬೇಕು.

ಸರ್ಫೇಸಿ ಕಾಯ್ದೆ 2002ರ 13(2)ನೇ ಕಲಮಿನ ನೋಟಿಸು ಬಾಕಿಗಾಗಿ ಬ್ಯಾಂಕು ಜಪ್ತಿ ಮಾಡಬಹುದಾದ ಅಡವಿಟ್ಟ ಆಸ್ತಿಗೆ ಸಂಬಂಧಿಸಿದ್ದು. ಅದರಲ್ಲಿ 60 ದಿನಗಳ ಅವಧಿ ಇರುತ್ತದೆ, ಆ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಬೇಕು. ಕೃಷಿ ಭೂಮಿಗೆ ಈ ಕಾಯ್ದೆಯ ಜಪ್ತಿ ಅನ್ವಯವಾಗುವುದಿಲ್ಲ ಎಂಬುದು ಅಡಿಕೆ ತೋಟದವರಿಗೆ ತಿಳಿದಿರಬೇಕಾದ ಮಾತು.

ಕಾರು, ಬೈಕು, ಮೊಬೈಲ್ ಮೊದಲಾದವುಗಳಿಗೆ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ತಮ್ಮ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು, ಅಂದರೆ ವ್ಯಾಜ್ಯವನ್ನು ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥಗಾರರು ತೀರ್ಮಾನಿಸಬೇಕೆಂಬ ಷರತ್ತು, ಸೇರಿಸಿರುತ್ತವೆ. ಹಾಗಾಗಿ ಚೆನ್ನೈಯಲ್ಲೋ ಮುಂಬೈಯಲ್ಲೋ ಕುಳಿತ ‘ಆರ್ಬಿಟ್ರೇಟರ್’ ಒಬ್ಬರಿಂದ ವಿಚಾರಣೆಯ ನೋಟಿಸು ಬರಬಹುದು. ನೋಡಲು ಇದು ಖಾಸಗಿ ಪತ್ರದಂತಿರುತ್ತದೆ, ನ್ಯಾಯಾಲಯದ ಮುದ್ರೆ ಇರುವುದಿಲ್ಲ. ಆದ್ದರಿಂದ ಜನ ಅದನ್ನು ಲಕ್ಷಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯಲ್ಲೇ ಅತ್ಯಂತ ಅಪಾಯಕಾರಿಯಾದ ಕಾಗದ ಇದು. ನೀವು ಹಾಜರಾಗದೆ ಹೊರಬಿದ್ದ ಮಧ್ಯಸ್ಥಿಕೆ ತೀರ್ಪನ್ನೂ ನ್ಯಾಯಾಲಯದ ಡಿಕ್ರಿಯಂತೆ (ಅಂತಿಮ ತೀರ್ಪಿನ ಆದೇಶದಂತೆ) ಜಾರಿ ಮಾಡಬಹುದು, ಅದನ್ನು ರದ್ದುಪಡಿಸಲು ಕೇಳುವ ಅವಧಿ ಸಾಮಾನ್ಯವಾಗಿ ತೀರ್ಪಿನ ಪ್ರತಿ ಸಿಕ್ಕ ದಿನದಿಂದ ಮೂರು ತಿಂಗಳು. ಸಾಲ ನಿಮ್ಮದಲ್ಲದಿದ್ದರೆ ಇಂಥ ಕರಾರಿಗೆ ನಾನು ಸಹಿ ಮಾಡಿಲ್ಲ, ಕರಾರಿನ ಪ್ರತಿ ಕೊಡಿ, ಏಕಪಕ್ಷೀಯವಾಗಿ ನೇಮಿಸಿದ ಮಧ್ಯಸ್ಥಗಾರರನ್ನು ಒಪ್ಪುವುದಿಲ್ಲ ಎಂದು ಕಂಪನಿಗೂ ಮಧ್ಯಸ್ಥಗಾರರಿಗೂ ಬರೆಯಬೇಕು. ಪ್ರಕರಣದಲ್ಲಿ ಆಸಕ್ತಿ ಇರುವ ಒಂದು ಪಕ್ಷವೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಲೋಕ ಅದಾಲತ್ತಿನ ನೋಟಿಸು ಇದಕ್ಕೆ ತದ್ವಿರುದ್ಧ: ನೋಡಲು ಭಯ ಹುಟ್ಟಿಸುತ್ತದೆ, ಆದರೆ ಅದು ರಾಜಿಗೆ ಕರೆಯುವ ಪತ್ರ. ದಾವೆ ಹೂಡುವ ಮೊದಲೇ ಬ್ಯಾಂಕುಗಳು ವ್ಯಾಜ್ಯಪೂರ್ವ ಪ್ರಕರಣಗಳೆಂದು ಇಂಥ ನೋಟಿಸುಗಳನ್ನು ಕಳುಹಿಸುತ್ತವೆ. ಹೋಗಿ ‘ಈ ಸಾಲ ನನ್ನದಲ್ಲ’ ಎಂದು ಹೇಳಿ ಬರಬಹುದು, ಒಪ್ಪಬೇಕೆಂಬ ಬಲವಂತವಿಲ್ಲ. ಆದರೆ ಅಲ್ಲಿನ ಗದ್ದಲದಲ್ಲಿ, ಅರ್ಧ ಹಣಕ್ಕೆ ಮುಗಿಯುತ್ತದೆಯಲ್ಲ ಎಂಬ ಸಮಾಧಾನದಲ್ಲಿ, ನಿಮ್ಮದಲ್ಲದ ಸಾಲದ ರಾಜಿಪತ್ರಕ್ಕೆ ಸಹಿ ಹಾಕಬಾರದು. ಅದಾಲತ್ತಿನ ತೀರ್ಪು ಡಿಕ್ರಿಗೆ ಸಮಾನ, ಅದರ ಮೇಲೆ ಮೇಲ್ಮನವಿ ಇಲ್ಲ.

ಇನ್ನು ನ್ಯಾಯಾಲಯದ ಸಮನ್ಸ್ ಬಂದರೆ ಪತ್ರ ವ್ಯವಹಾರದ ಕಾಲ ಮುಗಿದಂತೆ. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ನ್ಯಾಯಾಲಯ ಕಾರಣ ಒಪ್ಪಿದರೆ 90 ದಿನಗಳವರೆಗೆ ಅವಕಾಶವಿರುತ್ತದೆ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ‘ಕೋರ್ಟ್ ನೋಟಿಸು’ ಬಂದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಗುರುತು ಸಂಖ್ಯೆ) ಅಥವಾ ಪಕ್ಷಗಾರರ ಹೆಸರು ಹಾಕಿ ಪ್ರಕರಣ ನಿಜವಾಗಿ ಇದೆಯೇ ಎಂದು ನೋಡಬಹುದು. ಇಲ್ಲದ ಪ್ರಕರಣದ ಸಂಖ್ಯೆ ಹಾಕಿ ಹೆದರಿಸುವವರೂ ಇದ್ದಾರೆ.

ಕೊನೆಯದಾಗಿ ನಮ್ಮ ಸೊಸೈಟಿಗಳ ಮಾತು. ಸಹಕಾರ ಸಂಘದ ಬಾಕಿಯ ವಿವಾದ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಮಿನಡಿ ಸಹಕಾರ ಇಲಾಖೆಯ ನಿಬಂಧಕರ ಮುಂದೆ ನಡೆಯುತ್ತದೆ. ಆ ನೋಟಿಸಿನಲ್ಲಿ ವಿಚಾರಣೆಯ ದಿನಾಂಕವಿದ್ದರೆ ಅದನ್ನು ಸಮನ್ಸಿನಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ನಿಜಕ್ಕೂ ಸಂಬಂಧವಿಲ್ಲವೇ?

ಉತ್ತರ ಬರೆಯುವ ಮೊದಲು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಕನ್ನಡದಲ್ಲಿ ‘ಗೊತ್ತಿಲ್ಲದ ಸಾಲ’ದ ಹಿಂದೆ ಮೊದಲು ಹುಡುಕಬೇಕಾದದ್ದು ಜಾಮೀನನ್ನು. ಸೊಸೈಟಿಯಲ್ಲಿ, ಪತ್ತಿನ ಸಂಘದಲ್ಲಿ ಪಕ್ಕದ ಮನೆಯವರಿಗೆ, ಸೋದರಳಿಯನಿಗೆ, ಜೊತೆಗೆ ಕೆಲಸ ಮಾಡುವವರಿಗೆ ಜಾಮೀನು ನಿಲ್ಲುವುದು ಇಲ್ಲಿ ಸೌಜನ್ಯದ ವಿಷಯ. ವರ್ಷಗಳ ಹಿಂದೆ ಹಾಕಿದ ಆ ಸಹಿ ನೆನಪಿನಿಂದ ಜಾರಿರುತ್ತದೆ. ಆದರೆ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಾಲಗಾರನನ್ನು ಮೊದಲು ಕೇಳಿ, ಆಮೇಲೆ ನನ್ನ ಬಳಿ ಬನ್ನಿ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮಹಿಳೆಯರ ಕಿರುಸಾಲ ಗುಂಪುಗಳಲ್ಲಿಯೂ ಒಬ್ಬರ ಕಂತು ತಪ್ಪಿದರೆ ಉಳಿದವರನ್ನು ಕೇಳುವ ಪರಿಪಾಠವಿರುವುದರಿಂದ, ಪತ್ರ ಗೃಹಿಣಿಯ ಹೆಸರಿಗೆ ಬಂದಿದ್ದರೆ ಆಕೆ ಯಾವ ಗುಂಪಿನಲ್ಲಿದ್ದರು, ಯಾವ ಕಾಗದಕ್ಕೆ ಸಹಿ ಹಾಕಿದ್ದರು ಎಂಬುದನ್ನು ಗದರದೆ ಕೇಳಿ ತಿಳಿಯಬೇಕು. ಗದರಿದರೆ ನಿಜ ಹೊರಬರುವುದಿಲ್ಲ.

ಎರಡನೆಯ ಸಾಧ್ಯತೆ ಹೆಸರಿನ ಗೊಂದಲ. ಘಟ್ಟದ ಮೇಲೆ ಹೆಗಡೆ, ಭಟ್ಟ, ನಾಯ್ಕ, ಗೌಡ. ಕರಾವಳಿಯಲ್ಲಿ ನಾಯಕ, ತಾಂಡೇಲ, ಹರಿಕಂತ್ರ: ಒಂದೇ ಅಂಚೆ ವ್ಯಾಪ್ತಿಯಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ಹಲವರು ಇರುತ್ತಾರೆ. ಮನೆ ಸಂಖ್ಯೆ ಇಲ್ಲದ ವಿಳಾಸದಲ್ಲಿ ಅವರನ್ನು ಬೇರ್ಪಡಿಸುವುದು ತಂದೆಯ ಹೆಸರು ಮಾತ್ರ, ವಸೂಲಿ ಏಜೆನ್ಸಿಯ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ. ಪತ್ರದಲ್ಲಿ ತಂದೆಯ ಹೆಸರು, ಪಾನ್‌ನ ಕೊನೆಯ ಅಂಕಿಗಳು ಅಥವಾ ಜನ್ಮದಿನಾಂಕ ಇದ್ದರೆ ನಿಮ್ಮದರೊಂದಿಗೆ ತಾಳೆ ನೋಡಬೇಕು.

ಮೂರನೆಯದು ತೀರಿಕೊಂಡ ಹಿರಿಯರ ಸಾಲ. ತಂದೆ ದೋಣಿಗಾಗಿಯೋ ಬೆಳೆಗಾಗಿಯೋ ಮಾಡಿದ್ದ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸ್ವಂತ ದುಡಿಮೆಯ ಹಣದಿಂದ ತೀರಿಸಬೇಕಾಗಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಆಧಾರದ ಮೇಲೆ ಮಕ್ಕಳ ವಿರುದ್ಧ ಕ್ರಮ ಕೈಗೊಳ್ಳುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಆಮೇಲೆ ಮಾಡಿದ ಸಾಲಗಳ ವಿಷಯದಲ್ಲಿ, ತೆಗೆದುಹಾಕಿದೆ. ಮನೆಬಾಗಿಲಿಗೆ ಬಂದವರು ಧರ್ಮದ ಮಾತನ್ನೇ ಮೊದಲು ಎತ್ತುತ್ತಾರೆ ಎಂಬುದರಿಂದ ಇದನ್ನು ಹೇಳಬೇಕಾಯಿತು.

ನಾಲ್ಕನೆಯದು ಗುರುತಿನ ದುರ್ಬಳಕೆ: ಸಿಮ್ ಕೊಳ್ಳುವಾಗಲೋ ಕೆಲಸದ ಅರ್ಜಿಗೋ ಕೊಟ್ಟ ಆಧಾರ್ ಮತ್ತು ಪಾನ್ ಪ್ರತಿಗಳಿಂದ ಯಾರೋ ಆ್ಯಪ್ ಸಾಲ ಪಡೆದಿರುವುದು.

ಇವುಗಳಲ್ಲಿ ಯಾವುದೆಂದು ತಿಳಿಯಲು ಮನೆಯಲ್ಲಿ ಕುಳಿತೇ ನೋಡಬಹುದಾದ ದಾಖಲೆಗಳಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲಮಾಹಿತಿ ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವರದಿಯಲ್ಲಿ ಸಾಲ ಕೊಟ್ಟ ಸಂಸ್ಥೆ, ಖಾತೆ ತೆರೆದ ದಿನಾಂಕ, ಕೊನೆಯ ಪಾವತಿ ಮಾತ್ರವಲ್ಲದೆ ನೀವು ಸಾಲಗಾರರೋ ಜಾಮೀನುದಾರರೋ ಎಂಬುದೂ ನಮೂದಾಗಿರುತ್ತದೆ. ಕ್ರೆಡಿಟ್ ಸ್ಕೋರ್ ಎಂಬ ಅಂಕದ ಮೇಲೆ ಕಣ್ಣು ನೆಡದೆ ಖಾತೆಗಳ ಪಟ್ಟಿಯನ್ನು ಓದಬೇಕು. ಆದರೆ ಎಲ್ಲ ಸಹಕಾರ ಸಂಘಗಳ ಸಾಲವೂ ಈ ವರದಿಗಳಲ್ಲಿ ಕಾಣುವುದಿಲ್ಲವಾದ್ದರಿಂದ, ಜಮೀನಿದ್ದವರು ಪಹಣಿಯ 11ನೇ ಕಾಲಮ್ಮಿನಲ್ಲಿರುವ ಋಣಗಳ ನಮೂದನ್ನೂ, ಕಾವೇರಿ ಪೋರ್ಟಲಿನಲ್ಲಿ ಸಿಗುವ ಋಣಭಾರ ಪ್ರಮಾಣಪತ್ರವನ್ನೂ ನೋಡಬೇಕು. ಹಿಂದೆ ತೀರಿಸಿದ ಬೆಳೆಸಾಲದ ಬೋಜಾ ಇನ್ನೂ ಇಳಿಯದೆ ಉಳಿದಿರುವುದು ಇಲ್ಲಿ ಸಿಕ್ಕಿಬೀಳುತ್ತದೆ.

ಕಳುಹಿಸಿದವರು ಅಸಲಿಯೇ?

ಪತ್ರದಲ್ಲಿ ಅಚ್ಚಾದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ‘ನೀವು ಅಸಲಿಯೇ’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಪತ್ರ ಯಾವ ಬ್ಯಾಂಕಿನ ಹೆಸರು ಹೇಳುತ್ತದೆಯೋ ಅದರ ಶಾಖೆ ಕಾರವಾರದಲ್ಲೋ ಕುಮಟೆಯಲ್ಲೋ ಇದ್ದರೆ ಅಲ್ಲಿಗೇ ಹೋಗಿ ಸಾಲದ ಸಂಖ್ಯೆ ತೋರಿಸಿ ವಿಚಾರಿಸಬೇಕು. ಇಲ್ಲದಿದ್ದರೆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಕುಂದುಕೊರತೆ ಅಧಿಕಾರಿಯ ವಿಳಾಸಕ್ಕೆ ಬರೆಯಬೇಕು. ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಮತ್ತು ಬ್ಯಾಂಕುಗಳಿಂದ ವಸೂಲಾಗದ ಸಾಲಗಳನ್ನು ಕೊಳ್ಳುವ ಆಸ್ತಿ ಪುನರ್ರಚನಾ ಕಂಪನಿಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಅವುಗಳ ಪರವಾಗಿ ಸಾಲ ಕೊಡುವ ಡಿಜಿಟಲ್ ಆ್ಯಪ್‌ಗಳ ಪಟ್ಟಿಯನ್ನೂ 2025ರಿಂದ ಅಲ್ಲಿ ಪ್ರಕಟಿಸಲಾಗುತ್ತಿದೆ. ಖಾಸಗಿ ವ್ಯಕ್ತಿಯ ಯುಪಿಐ ಸಂಖ್ಯೆಗೆ ಹಣ ಹಾಕಿ ಎಂದು ಪತ್ರವೇ ಹೇಳಿದ್ದರೆ ಹೆಚ್ಚಿನ ಸಂಶೋಧನೆ ಬೇಕಾಗಿಲ್ಲ.

ಐನೂರು ರೂಪಾಯಿ ಕಟ್ಟಿ ಬಾಯಿ ಮುಚ್ಚಿಸುವ ಉಪಾಯ ಬೇಡ

ಸಾಲದ ಹಣಕ್ಕಾಗಿ ದಾವೆ ಹೂಡಲು 1963ರ ಲಿಮಿಟೇಶನ್ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಕೊಡುತ್ತದೆ. ಆಸ್ತಿಯ ಅಡಮಾನದ ಮೇಲಿನ ದಾವೆಗೆ ಮತ್ತು ಈಗಾಗಲೇ ಆಗಿರುವ ಡಿಕ್ರಿಯ ಜಾರಿಗೆ ಅದು 12 ವರ್ಷ. ಅವಧಿ ಮುಗಿದ ಸಾಲಕ್ಕೆ ದಾವೆ ಹೂಡಿದರೆ, ನೀವು ಆ ಆಕ್ಷೇಪ ಎತ್ತದಿದ್ದರೂ, ನ್ಯಾಯಾಲಯ ಅದನ್ನು ವಜಾ ಮಾಡಬೇಕೆಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ. ಹಳೆಯ ಸಾಲಗಳನ್ನು ಅಗ್ಗಕ್ಕೆ ಕೊಂಡು ವಸೂಲಿಗೆ ಇಳಿಯುವವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ.

ಆದ್ದರಿಂದಲೇ ಅವರು ಪೂರ್ತಿ ಹಣಕ್ಕಿಂತ ಮೊದಲು ಒಂದು ಸಹಿಯನ್ನೋ ಸಣ್ಣ ಮೊತ್ತವನ್ನೋ ಕೇಳುತ್ತಾರೆ. ಅವಧಿ ಮುಗಿಯುವ ಮೊದಲು ನೀವು ಸಾಲವನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ 18ನೇ ಕಲಮಿನಂತೆ ಹೊಸದಾಗಿ ಮೂರು ವರ್ಷ ಆರಂಭವಾಗುತ್ತದೆ. ನಿಮ್ಮ ಕೈಬರಹದ ಅಥವಾ ಸಹಿಯ ಗುರುತಿನೊಂದಿಗೆ ಒಂದು ಭಾಗ ಕಟ್ಟಿದರೂ 19ನೇ ಕಲಮಿನಂತೆ ಅದೇ ಫಲ. ಅವಧಿ ಮುಗಿದ ಮೇಲೆ ‘ಕಟ್ಟುತ್ತೇನೆ’ ಎಂದು ಬರೆದು ಸಹಿ ಮಾಡಿಕೊಟ್ಟರೆ ಕರಾರು ಕಾಯ್ದೆಯ 25(3)ನೇ ಕಲಮಿನಡಿ ಅದೇ ಹೊಸ ಕರಾರಾಗಿ ನಿಲ್ಲುತ್ತದೆ. ಹೀಗಾಗಿ ‘ಸದ್ಯಕ್ಕೆ ಐನೂರು ಹಾಕಿ, ಫೈಲು ಮುಚ್ಚುತ್ತೇವೆ’ ಎಂಬ ಮಾತು ಸತ್ತ ಸಾಲಕ್ಕೆ ಜೀವ ಕೊಡುವ ಕೆಲಸ. ಸಾಲ ನಿಮ್ಮದೇ ಅಲ್ಲದಿದ್ದರೂ ಆ ಪಾವತಿ ಒಪ್ಪಿಗೆಯ ಸಾಕ್ಷ್ಯವಾಗಿ ನಿಮ್ಮ ವಿರುದ್ಧ ನಿಲ್ಲುತ್ತದೆ. ‘ಸ್ವಲ್ಪ ಸಮಯ ಕೊಡಿ’, ‘ಅಡಿಕೆ ಮಾರಿದ ಮೇಲೆ ನೋಡೋಣ’ ಎಂಬಂಥ ವಾಟ್ಸ್ಆ್ಯಪ್ ಸಂದೇಶಗಳನ್ನೂ ಕಳುಹಿಸಬಾರದು.

ಉತ್ತರ ಬರೆಯುವುದು

ಅಂತರ್ಜಾಲದಲ್ಲಿ ಸಿಗುವ ಹಲವು ಮಾದರಿ ಪತ್ರಗಳು ಅಮೆರಿಕದ 1977ರ ವಸೂಲಿ ಕಾಯ್ದೆಯನ್ನು ಆಧರಿಸಿದವು. ಅಲ್ಲಿ 30 ದಿನಗಳೊಳಗೆ ಆಕ್ಷೇಪಿಸಿದರೆ ಸಾಲ ದೃಢಪಡಿಸುವವರೆಗೆ ವಸೂಲಿ ನಿಲ್ಲಿಸಬೇಕೆಂಬ ನಿಯಮವಿದೆ. ಆ ಕಾಯ್ದೆಯ ಕಲಂಗಳನ್ನು ನಕಲು ಮಾಡಿ ಹುಬ್ಬಳ್ಳಿಯ ಏಜೆನ್ಸಿಗೆ ಕಳುಹಿಸಿದರೆ ಓದಿದವರು ನಗುತ್ತಾರೆ. ನಮ್ಮ ಬಲವಿರುವುದು ಸಾಲವಿದೆ ಎಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕೆಂಬ ಸಾಮಾನ್ಯ ನಿಯಮದಲ್ಲಿ ಮತ್ತು ರಿಸರ್ವ್ ಬ್ಯಾಂಕು ತನ್ನ ಅಧೀನ ಸಂಸ್ಥೆಗಳಿಗೆ ವಿಧಿಸಿರುವ ನಡವಳಿಕೆಯ ಕಟ್ಟಳೆಗಳಲ್ಲಿ.

ಉತ್ತರ ಒಂದು ಪುಟ ಮೀರಬಾರದು. ಅದರಲ್ಲಿ ಕೋಪ ಬೇಡ, ಮನೆಯ ಕಷ್ಟಸುಖ ಬೇಡ, ‘ನನ್ನ ಸಾಲ’ ಎಂಬ ಪದ ಎಲ್ಲಿಯೂ ಬರಬಾರದು. ಕೆಳಗಿನ ಒಕ್ಕಣೆಯನ್ನು ನಿಮ್ಮ ಸಂದರ್ಭಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

“ಮಾನ್ಯರೇ,

ವಿಷಯ: ದಿನಾಂಕ ........ರ, ........ ಸಂಖ್ಯೆಯ ನಿಮ್ಮ ಪತ್ರಕ್ಕೆ ಉತ್ತರ.

ಮೇಲ್ಕಂಡ ಪತ್ರ ನನಗೆ ದಿನಾಂಕ ........ರಂದು ತಲುಪಿದೆ. ಅದರಲ್ಲಿ ಹೇಳಿರುವ ಸಾಲದ ಬಗ್ಗೆ ನನಗೆ ಯಾವ ಮಾಹಿತಿಯೂ ಇಲ್ಲ. ಆ ಸಾಲವನ್ನಾಗಲಿ, ಮೊತ್ತವನ್ನಾಗಲಿ, ಯಾವುದೇ ಹೊಣೆಯನ್ನಾಗಲಿ ನಾನು ಒಪ್ಪಿಕೊಳ್ಳುವುದಿಲ್ಲ. ಈ ಪತ್ರವನ್ನು ಸಾಲದ ಅಂಗೀಕಾರವೆಂದೋ ಪಾವತಿಯ ಭರವಸೆಯೆಂದೋ ಪರಿಗಣಿಸತಕ್ಕದ್ದಲ್ಲ.

ನಿಮ್ಮ ಬೇಡಿಕೆಯನ್ನು ಪರಿಶೀಲಿಸಲು ಈ ಕೆಳಗಿನ ದಾಖಲೆಗಳ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ: ಸಾಲ ನೀಡಿದ ಮೂಲ ಸಂಸ್ಥೆಯ ಹೆಸರು ಮತ್ತು ಖಾತೆ ಸಂಖ್ಯೆ, ಸಹಿ ಇರುವ ಸಾಲದ ಅರ್ಜಿ, ಕರಾರು ಅಥವಾ ಜಾಮೀನು ಪತ್ರ, ಅರ್ಜಿಯ ಜೊತೆ ಪಡೆದ ಗುರುತಿನ ದಾಖಲೆಗಳು, ಸಾಲದ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಅಸಲು, ಬಡ್ಡಿ ಮತ್ತು ದಂಡಗಳನ್ನು ಪ್ರತ್ಯೇಕವಾಗಿ ತೋರಿಸುವ, ಆರಂಭದಿಂದ ಇಂದಿನವರೆಗಿನ ಖಾತೆಯ ಲೆಕ್ಕಪತ್ರ, ಕೊನೆಯ ಪಾವತಿಯ ದಿನಾಂಕ ಮತ್ತು ಅದನ್ನು ಮಾಡಿದವರ ವಿವರ, ಸಾಲ ನಿಮಗೆ ವರ್ಗಾವಣೆಯಾಗಿದ್ದರೆ ವರ್ಗಾವಣೆಯ ಪತ್ರ, ನೀವು ಏಜೆಂಟರಾಗಿದ್ದರೆ ಸಂಸ್ಥೆಯ ಅಧಿಕಾರ ಪತ್ರ.

ಇನ್ನು ಮುಂದಿನ ವ್ಯವಹಾರವನ್ನು ಮೇಲಿನ ವಿಳಾಸಕ್ಕೆ ಲಿಖಿತವಾಗಿ ಮಾತ್ರ ನಡೆಸಬೇಕು. ದಾಖಲೆ ಒದಗಿಸದೆ ಸಾಲಮಾಹಿತಿ ಕಂಪನಿಗಳಿಗೆ ನನ್ನ ಹೆಸರಿನಲ್ಲಿ ಬಾಕಿ ವರದಿ ಮಾಡಿದರೆ ಅಥವಾ ನನ್ನ ಬಂಧುಗಳನ್ನೂ ನೆರೆಯವರನ್ನೂ ಸಂಪರ್ಕಿಸಿದರೆ ಸಂಬಂಧಿತ ಪ್ರಾಧಿಕಾರಗಳಿಗೆ ದೂರು ಸಲ್ಲಿಸುತ್ತೇನೆ. ನನ್ನ ಎಲ್ಲ ಕಾನೂನುಬದ್ಧ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇನೆ.”

ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಕೋರಿಕೆ, ಹಣ ಯಾವ ಖಾತೆಗೆ ಜಮೆಯಾಯಿತು ಎಂಬುದು. ಸಹಿಯನ್ನು ನಕಲು ಮಾಡಬಹುದು, ಆಧಾರ್ ಪ್ರತಿ ಎಲ್ಲಿಂದಲಾದರೂ ಸಿಗುತ್ತದೆ; ಹಣ ಹೋದ ದಾರಿ ಮಾತ್ರ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಉತ್ತರದೊಂದಿಗೆ ನಿಮ್ಮ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸಬಾರದು. ಅವರ ಬಳಿ ಇಲ್ಲದ ಮಾಹಿತಿಯನ್ನು ನೀವೇ ಪೂರೈಸಿದಂತಾಗುತ್ತದೆ. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಹೊರರಾಜ್ಯದ ಕಚೇರಿಗೆ ಕಳುಹಿಸುವಾಗ ಇಂಗ್ಲಿಷ್ ಅನುವಾದವನ್ನು ಜೊತೆಗಿಡುವುದು ಅನುಕೂಲಕರ, ಆದರೆ ನಿಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ, ಅದು ನಿಮ್ಮ ಪರವಾಗಿಯೇ ಬರೆದದ್ದಾದರೂ, ತಿಳಿಯದೆ ಸಹಿ ಹಾಕಬಾರದು.

ಉತ್ತರವನ್ನು ಏಜೆನ್ಸಿಗೂ ಅದು ಹೆಸರಿಸಿದ ಮೂಲ ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೂ ಕಳುಹಿಸಬೇಕು. ಅಂಚೆ ಇಲಾಖೆ 2025ರಲ್ಲಿ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿರುವುದರಿಂದ ಈಗ ಕೌಂಟರಿನಲ್ಲಿ ನೋಂದಣಿ ಮತ್ತು ವಿತರಣೆಯ ಪುರಾವೆ ಸಹಿತ ಸ್ಪೀಡ್ ಪೋಸ್ಟ್ ಎಂದು ಕೇಳಬೇಕು. ರಸೀದಿಯ ಅಕ್ಷರಗಳು ಬೇಗ ಮಾಸುತ್ತವೆ, ಮಳೆಗಾಲದ ತೇವಕ್ಕಂತೂ ಇನ್ನೂ ಬೇಗ. ಅಂದೇ ಜೆರಾಕ್ಸ್ ಮಾಡಿಸಿಡುವುದು ಲೇಸು.

ಆಮೇಲೆ ಏನಾಗಬಹುದು

ಅನೇಕ ಸಲ ಏನೂ ಆಗುವುದಿಲ್ಲ. ದಾಖಲೆ ಇಲ್ಲದವರು ಸುಮ್ಮನಾಗುತ್ತಾರೆ, ಅಥವಾ ಬೇರೊಂದು ಏಜೆನ್ಸಿಯಿಂದ ಅದೇ ಪತ್ರ ಮತ್ತೆ ಬರುತ್ತದೆ. ಆಗ ಮೊದಲ ಉತ್ತರದ ಪ್ರತಿಯನ್ನು ಲಗತ್ತಿಸಿ ಎರಡು ಸಾಲು ಬರೆದರೆ ಸಾಕು.

ದಾಖಲೆ ಬಂದರೆ ನಿಧಾನವಾಗಿ ಓದಿ: ಫೋಟೊ ಯಾರದು, ಸಹಿ ನಿಮ್ಮದೋ ಅಲ್ಲವೋ, ಮೊಬೈಲ್ ಸಂಖ್ಯೆ ಆ ಕಾಲದಲ್ಲಿ ನಿಮ್ಮ ಬಳಿ ಇತ್ತೇ, ಹಣ ಜಮೆಯಾದ ಖಾತೆ ಯಾರದು. ಸಹಿ ನಿಜವಾಗಿಯೂ ನಿಮ್ಮದೇ ಎಂದು ಕಂಡರೆ ಹಟ ಹಿಡಿಯದೆ, ಕೊನೆಯ ಪಾವತಿಯ ದಿನಾಂಕ ಹಿಡಿದು ಕಾಲಮಿತಿಯ ವಿಷಯವನ್ನು ವಕೀಲರೊಂದಿಗೆ ಚರ್ಚಿಸಿ, ಆಮೇಲೆ ಮಾತುಕತೆಗೆ ಕೂರಬೇಕು. ಸಹಿ ನಕಲಿಯಾಗಿದ್ದರೆ ಅಥವಾ ಗುರುತು ದುರ್ಬಳಕೆಯಾಗಿದ್ದರೆ ಸ್ಥಳೀಯ ಠಾಣೆಗೆ ಇಲ್ಲವೇ ಕಾರವಾರದಲ್ಲಿರುವ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆನ್‌ಲೈನ್ ವಂಚನೆಯಾದರೆ 1930 ಸಹಾಯವಾಣಿಯೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲೂ ಇವೆ. ಆ ದೂರಿನ ಪ್ರತಿಯೊಂದಿಗೆ ಸಾಲಮಾಹಿತಿ ಕಂಪನಿಯಲ್ಲಿ ವಿವಾದ ದಾಖಲಿಸಿದರೆ ಅದು 30 ದಿನಗಳಲ್ಲಿ ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಕರೆ ಮತ್ತು ಭೇಟಿಗಳಿಗೂ ಮಿತಿಯಿದೆ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ; ಕಿರುಸಾಲಕ್ಕೆ ಅದು ಬೆಳಿಗ್ಗೆ 9ರಿಂದ ಸಂಜೆ 6. ಮನೆಗೆ ಬಂದವರು ಗುರುತಿನ ಚೀಟಿ ಮತ್ತು ಸಂಸ್ಥೆಯ ಅಧಿಕಾರ ಪತ್ರ ತೋರಿಸಬೇಕು. ಅವರನ್ನು ಜಗಲಿಯ ಮೇಲೆಯೇ ಕೂರಿಸಿ, ಚೀಟಿಯ ಫೋಟೊ ತೆಗೆದು, ‘ನಾನು ಲಿಖಿತ ಉತ್ತರ ಕಳುಹಿಸಿದ್ದೇನೆ’ ಎಂದು ಹೇಳಿ ಮಾತು ಮುಗಿಸಿದರೆ ಸಾಕು. ಚಹಾ ಕೊಡುವುದು ಬಿಡುವುದು ನಿಮ್ಮ ಸೌಜನ್ಯ, ಸಹಿ ಮಾತ್ರ ಕೊಡಬೇಡಿ. ಬೆದರಿಕೆ, ಬೈಗುಳ, ನೆರೆಹೊರೆಯವರ ಎದುರು ಅವಮಾನ ನಡೆದರೆ ಸಮಯ ಬರೆದಿಟ್ಟು, ಕರೆಯನ್ನು ಧ್ವನಿಮುದ್ರಿಸಿಕೊಂಡು ಪೊಲೀಸರಿಗೆ ದೂರು ಕೊಡಬಹುದು. ಏಜೆಂಟನ ನಡವಳಿಕೆಗೆ ಅವನನ್ನು ನೇಮಿಸಿದ ಸಂಸ್ಥೆಯೇ ಹೊಣೆ. ಕಿರುಸಾಲ ವಸೂಲಿಯಲ್ಲಿ ಬಲವಂತವನ್ನು ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡದ ಅವಕಾಶವಿದೆ.

ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ನಿಮ್ಮ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಒಪ್ಪಲಾಗದ ಉತ್ತರ ಕೊಟ್ಟರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥಪಡಿಸುವ ಅಧಿಕಾರಿಗೆ) ಸಿಎಂಎಸ್ ಎಂಬ ದೂರು ಪೋರ್ಟಲಿನ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾರ್ಗದರ್ಶನಕ್ಕೆ 14448 ಸಂಖ್ಯೆಯಿದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘ ಮಾತ್ರ ಈ ವ್ಯಾಪ್ತಿಗೆ ಬರುವುದಿಲ್ಲ. ಅದರ ಮೇಲಿನ ದೂರು ಸಹಕಾರ ಸಂಘಗಳ ನಿಬಂಧಕರ ಕಚೇರಿಗೇ ಹೋಗಬೇಕು. ವಕೀಲರ ಶುಲ್ಕಕ್ಕೆ ಹಿಂಜರಿಯುವವರು ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ತಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಯನ್ನೋ ಸಂಪರ್ಕಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100.

ಕೊನೆಗೆ ಸಂಸ್ಥೆ ತನ್ನ ಬೇಡಿಕೆಯನ್ನು ಹಿಂತೆಗೆದುಕೊಂಡರೆ ದೂರವಾಣಿಯಲ್ಲಿ ಹೇಳಿದ ಮಾತಿಗೆ ತೃಪ್ತರಾಗದೆ, ಇಂಥ ಸಂಖ್ಯೆಯ ಖಾತೆಗೂ ನಿಮಗೂ ಸಂಬಂಧವಿಲ್ಲ ಎಂಬ ಪತ್ರವನ್ನು ಅದರ ಮೊಹರಿನೊಂದಿಗೆ ಪಡೆಯಬೇಕು. ಒಂದೆರಡು ತಿಂಗಳ ನಂತರ ಸಾಲಮಾಹಿತಿ ವರದಿಯನ್ನು ಮತ್ತೊಮ್ಮೆ ತೆಗೆಸಿ ಆ ನಮೂದು ಅಳಿದಿದೆಯೇ ಎಂದು ನೋಡಬೇಕು. ಒಂದೇ ಸಾಲ ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತಾ ವರ್ಷಗಳ ಮೇಲೆ ಹೊಸ ಹೆಸರಿನ ಕಂಪನಿಯಿಂದ ಮತ್ತೆ ಪತ್ರ ಬರುವ ಸಾಧ್ಯತೆ ಇರುವುದರಿಂದ, ಲಕೋಟೆ, ಉತ್ತರದ ಪ್ರತಿ, ಅಂಚೆ ರಸೀದಿ ಮತ್ತು ಆ ಪತ್ರವನ್ನು ಮನೆಯ ಪಹಣಿ ಕಾಗದಗಳಿರುವ ಕಡತದಲ್ಲಿಯೇ ಇಟ್ಟು, ಅದು ಅಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು.